ಕೂಲರಿನೊಳಗಿನ ಬಾಣಂತಿ

ಕೆಲವರ ಕೈಗುಣ ಒಳ್ಳೆಯದಿರುತ್ತದೆ. ಅವರು ಒಣಕಡ್ಡಿ ಊರಿದರೂ ಚಿಗುರುತ್ತದೆ. ನನ್ನ ಕೈಯಲ್ಲಿ ಹಾಗೆ ಹುಲುಸಾಗಿ ಬೆಳೆಯುವುದು ಚಿಂತೆಯೊಂದೇ. ಮನೆಗೆ ಬೀಗ ಹಾಕಿ ಬೀದಿಯ ತುದಿ ಮುಟ್ಟಿದವನು, ಬೀಗ ಹಾಕಿದೆನೋ ಇಲ್ಲವೋ ಎಂದು ಹಿಂದಿರುಗಿ ಬರುತ್ತೇನೆ. ಹಾಕಿರುವುದು ಕಣ್ಣಿಗೆ ಕಂಡ ಮೇಲೆ, ಒಳಗೆ ಗ್ಯಾಸ್ ಬಂದ್ ಮಾಡಿದ್ದೆನೇ ಎಂದು ಅದೇ ಬೀಗ ತೆಗೆಯುತ್ತೇನೆ. ಇಂಥವನಿಗೆ ದೇವರು ತಕ್ಕ ನೌಕರಿಯನ್ನೇ ಕೊಟ್ಟಿದ್ದಾನೆ. ಕಾರಿನ ಬ್ರೇಕಿಗೆ ಹೋಗುವ ಬಿಡಿಭಾಗಗಳನ್ನು ಮಾಡುವ ಒಂದು ಕಾರ್ಖಾನೆಯಲ್ಲಿ ನಾನು ತಪಾಸಣೆಗಾರ. ಒಂದೊಂದು ತುಂಡನ್ನೂ ಎತ್ತಿ, ಅಳೆದು, ಬೆಳಕಿಗೆ ಹಿಡಿದು, ಇದರಲ್ಲಿ ಏನೋ ತಪ್ಪಿದೆ ಎಂದು ಅನುಮಾನ ಪಡುವುದಕ್ಕೇ ನನಗೆ ಸಂಬಳ. ಮದುವೆಯ ದಿನ ತಾಳಿ ಕಟ್ಟಿದ ಮೇಲೆ ನಾನು ಗಂಟನ್ನು ಎರಡು ಸಲ ಜಗ್ಗಿ ನೋಡಿದ್ದೆನೆಂದು ಹೆಂಡತಿ ರೇಣುಕಾ ಇಂದಿಗೂ ಬಂದವರ ಮುಂದೆಲ್ಲ ಹೇಳುತ್ತಾಳೆ. ಅದು ಶುದ್ಧ ಸುಳ್ಳು. ಒಂದೇ ಸಲ ಜಗ್ಗಿದ್ದು.

ಇಂಥ ನನ್ನ ಪಾಲಿಗೆ ಹೋದ ವರ್ಷ ಒಂದು ಕೋಳಿ ಬಂತು. ಸಾಕುವುದಕ್ಕಲ್ಲ, ಉಣ್ಣುವುದಕ್ಕೆ. ಶ್ರಾವಣ ಹಿಡಿಯುವ ಹಿಂದಿನ ಅಮಾವಾಸ್ಯೆಗೆ ಪುಣೆಯ ಜನ ಗಟಾರಿ ಎನ್ನುತ್ತಾರೆ. ಶ್ರಾವಣದಿಂದ ಹಿಡಿದು ಗಣಪತಿ ನೀರಿಗೆ ಹೋಗುವ ತನಕ ಮಾಂಸ ಮುಟ್ಟದ ಮನೆಗಳು, ಮುಂದೆ ತಪ್ಪಲಿರುವ ಊಟಗಳನ್ನೆಲ್ಲ ಆ ಒಂದು ದಿನಕ್ಕೇ ಸೇರಿಸಿ ಉಂಡುಬಿಡುತ್ತವೆ. ನಾವು ವಿಜಯಪುರದ ಕಡೆಯವರು. ಪುಣೆಯ ಅಂಚಿನ ಕಾತ್ರಜದ ಈ ಪುಟ್ಟ ಮನೆಗೆ ಬಂದು ಎಷ್ಟೋ ವರ್ಷವಾಯಿತು. ಇಲ್ಲಿಯವರ ಪದ್ಧತಿಗಳಲ್ಲಿ ಎಷ್ಟನ್ನು ಪಾಲಿಸಿದ್ದೇವೋ ಬಿಟ್ಟಿದ್ದೇವೋ ಗೊತ್ತಿಲ್ಲ, ಗಟಾರಿಯನ್ನು ಮಾತ್ರ ಒಮ್ಮೆಯೂ ತಪ್ಪಿಸಿಲ್ಲ. ಪುಣೆಯ ಹತ್ತಿರದ ಶಿರೂರಿನಲ್ಲಿ ಟ್ರ್ಯಾಕ್ಟರ್ ರಿಪೇರಿ ಅಂಗಡಿ ಇಟ್ಟಿರುವ ರೇಣುಕಾಳ ತಮ್ಮ ಪರಸು ಪ್ರತಿ ವರ್ಷ ಒಂದು ಜವಾರಿ ಕೋಳಿ ತರುತ್ತಾನೆ. ಕೊಯ್ಯುವುದು ಅವನ ಕೆಲಸ, ಮಸಾಲೆ ಅರೆಯುವುದು ರೇಣುಕಾಳ ಕೆಲಸ, ಉಪ್ಪು ಸ್ವಲ್ಪ ಕಡಿಮೆಯಾಯಿತೇನೋ ಎಂದು ಅನುಮಾನ ಪಡುವುದು ನನ್ನ ಕೆಲಸ.

ಹಿಂದಿನ ದಿನವೇ ಬೈಕಿಗೆ ಚೀಲ ಕಟ್ಟಿಕೊಂಡು ಬಂದ ಪರಸು, ಕೋಳಿಯ ಕಾಲು ಬಿಚ್ಚಿ ಹಿತ್ತಲಿಗೆ ಬಿಟ್ಟ. ಹಿತ್ತಲೆಂದರೆ ನಾಲ್ಕು ಹಗ್ಗ ಬಟ್ಟೆ ಒಣಹಾಕುವಷ್ಟು ಜಾಗ. ಅದರ ಮೂಲೆಯಲ್ಲಿ ಮೋಟಾರು ಸುಟ್ಟುಹೋದ ಒಂದು ಹಳೆಯ ಏರ್ ಕೂಲರ್ ಇದೆ. ಅದರ ಒಂದು ಬದಿಯ ಜಾಲರಿ ಕಿತ್ತುಹೋಗಿ, ಒಳಗೆ ಹುಲ್ಲಿನ ಪ್ಯಾಡು ಜರಿದು ಬಿದ್ದು, ರೇಣುಕಾ ಅದರ ಮೇಲೆ ಉಳ್ಳಾಗಡ್ಡಿ ಹರಡಿಟ್ಟಿದ್ದಳು. ಅಮಾವಾಸ್ಯೆಯ ಬೆಳಿಗ್ಗೆ ಪರಸು ಕೋಳಿ ಹಿಡಿಯಲು ಹೋದರೆ ಕೋಳಿ ಎಲ್ಲಿಯೂ ಇಲ್ಲ. ಹುಡುಕುತ್ತ ಹುಡುಕುತ್ತ ಕೂಲರಿನೊಳಗೆ ಬಗ್ಗಿ ನೋಡಿದ. ಒಳಗಿನಿಂದ 'ಗುರ್ರ್' ಎಂಬ ಸದ್ದು ಬಂತು. ಕೋಳಿ ಮೈಯ ಪುಕ್ಕವನ್ನೆಲ್ಲ ಕೆದರಿಕೊಂಡು ತನ್ನ ಎರಡರಷ್ಟಾಗಿ ಎರಡು ಉಳ್ಳಾಗಡ್ಡಿಗಳ ಮೇಲೆ ಕೂತಿತ್ತು. ಪರಸು ಕೈ ಚಾಚಿದ. ಅದು ಕುಕ್ಕಿತು.

ರೇಣುಕಾ ಬಂದು ಒಂದೇ ನೋಟಕ್ಕೆ ತೀರ್ಪು ಕೊಟ್ಟಳು. "ಅಯ್ಯ, ಇದು ಕಾವಿಗೆ ಕೂತದಲ್ಲೋ! ಎಲ್ಲಿಂದ ಹಿಡಕೊಂಡು ಬಂದಿ ಇದನ್ನ?"

"ನಮ್ಮ ಹಿತ್ತಲದಾಗಿಂದನ, ಅಕ್ಕಾ. ಬುಟ್ಟಿ ಒಳಗ ಕೂತಿತ್ತು, ಒಂದ್ ಹೆಜ್ಜಿ ಸೈತ ಓಡಲಿಲ್ಲ. ನಾ ಹಿಡಿಯೂದು ಭಾಳ ಸಸಾರ ಆತಲ್ಲ ಅಂತ ಖುಷಿ ಪಟ್ಟೆ."

"ಕಾವಿಗೆ ಕೂತದ್ದನ್ನ ಕೊಯ್ಯಬಾರದು. ಚೂರಿ ಒಳಗಿಡು. ಈಗ ಅದು ಕೋಳಿ ಅಲ್ಲ, ಬಾಣಂತಿ."

"ಬಾಣಂತಿ?" ಪರಸು ಬೆರಳು ಚೀಪುತ್ತ ಕೇಳಿದ. "ಹಡದದ್ದ ಏನು, ಉಳ್ಳಾಗಡ್ಡಿ?"

ಅಕ್ಕ ತಮ್ಮ ಅರ್ಧ ತಾಸು ವಾದ ಮಾಡಿ ಒಂದು ಒಪ್ಪಂದಕ್ಕೆ ಬಂದರು. ಪರಸು ಅದನ್ನು ನನ್ನ ಮುಂದೆಯೇ, ಕೋಳಿಗೂ ಕೇಳಿಸುವ ಹಾಗೆ ಹೇಳಿದ. "ಗಣಪತಿ ಕಳಿಸಿದ ಮ್ಯಾಲಿನ ಐತವಾರ ಬರ್ತೀನ್ರಿ ಮಾಮಾ. ಅಷ್ಟರಾಗ ಮರಿ ಮಾಡಿತ್ತಂದ್ರ ಆಕಿ ಬಾಳೇವು ಆಕಿ ಮಾಡಲಿ. ಇಲ್ಲಂದ್ರ ರಸ್ಸಾ." ರೇಣುಕಾ ಅದಕ್ಕೆ ಹೂಂ ಎಂದಳು. ಅವಳ ಧರ್ಮ ಅಷ್ಟು ಚೊಕ್ಕ. ಕಾವು ಇರುವ ತನಕ ಬಾಣಂತಿ, ಕಾವು ಕಳೆದರೆ ಕೋಳಿ. ಅವತ್ತಿನ ಮಟ್ಟಿಗೆ ಬೀದಿಯ ತುದಿಯ ಅಂಗಡಿಯಿಂದ ಬ್ರಾಯ್ಲರ್ ತಂದು ಅಡುಗೆ ಮಾಡಿದೆವು.

ನಾನು ಉಂಡು ಕೈ ತೊಳೆಯಲು ಹಿತ್ತಲಿಗೆ ಹೋದವನು ಸುಮ್ಮನೆ ಕೂಲರಿನೊಳಗೆ ಇಣುಕಿದೆ. ಹೊರಗೆ ಮಳೆ ಜಿನುಗುತ್ತಿತ್ತು. ಆ ಪ್ರಾಣಿ ಅರ್ಧ ಕಣ್ಣು ಮುಚ್ಚಿ, ಎರಡು ಉಳ್ಳಾಗಡ್ಡಿಗಳನ್ನು ಹೊಟ್ಟೆಯ ಕೆಳಗೆ ಒತ್ತಿಕೊಂಡು, ಇವತ್ತಲ್ಲ ನಾಳೆ ಇದರೊಳಗಿಂದ ಜೀವ ಬರುತ್ತದೆ ಎಂದು ಕೂತಿತ್ತು. ಮೂರು ಸಲ ಅಳೆಯದೆ ಒಂದು ಮೊಳೆಯನ್ನೂ ನಂಬದವನು ನಾನು. ಇದು ಉಳ್ಳಾಗಡ್ಡಿಯನ್ನು ನಂಬಿತ್ತು! ಗಣಪತಿ ಹೋದ ಮೇಲಿನ ಭಾನುವಾರ ನೆನಪಾಯಿತು. ಈ ಕೋಳಿಯನ್ನು ಉಳಿಸಲೇಬೇಕೆಂದು ಅಲ್ಲೇ ನಿಶ್ಚಯಿಸಿದೆ. ಮಗಳು ಸ್ನೇಹಾ ಹೆಸರಿಡೋಣವೆಂದಳು. ರೇಣುಕಾ ಬಿಡಲಿಲ್ಲ. "ಹೆಸರಿಟ್ಟ ಕೋಳಿ ಗಂಟಲದಾಗ ಇಳಿಯಂಗಿಲ್ಲ. ಹೆಸರು ಗಿಸರು ಏನೂ ಬ್ಯಾಡ."

ಕೋಳಿಗೆ ಮೊಟ್ಟೆ ಬೇಕು. ಫ್ರಿಜ್ಜಿನಲ್ಲಿ ಅರ್ಧ ಡಜನ್ ಇದ್ದವು. ನಾನು ಅವನ್ನು ಎತ್ತಿಕೊಂಡು ಹಿತ್ತಲಿಗೆ ಹೊರಟದ್ದನ್ನು ಕಂಡು ರೇಣುಕಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. "ಅಂಗಡಿ ತತ್ತಿಗೆ ಮರಿ ಆಗಂಗಿಲ್ರಿ. ಹುಂಜ ಬೇಕಲ್ಲ. ಇಷ್ಟು ವರ್ಷ ಸಂಸಾರ ಮಾಡೀರಿ, ಅಷ್ಟೂ ಗೊತ್ತಿಲ್ಲೇನು?" ಮಗಳ ಮುಂದೆ ಈ ಮಾತು ಬೇಕಿರಲಿಲ್ಲ. ನಾನು ಮೊಟ್ಟೆಗಳನ್ನು ವಾಪಸು ಫ್ರಿಜ್ಜಿನಲ್ಲಿಟ್ಟು, ಮುಂದಿನ ರಜೆಗೆ ಶಿರೂರಿನ ಬಸ್ಸು ಹತ್ತಿದೆ.

ಪರಸು ನಗುತ್ತಲೇ ಒಂಬತ್ತು ಜವಾರಿ ಮೊಟ್ಟೆ ಕೊಟ್ಟ. ಬೆಸ ಸಂಖ್ಯೆಯಲ್ಲೇ ಇಡಬೇಕೆಂದು ನನ್ನ ಅತ್ತೆ, ಅಂದರೆ ರೇಣುಕಾಳ ತಾಯಿ, ಊರಿನಿಂದ ಫೋನಿನಲ್ಲಿ ಅಪ್ಪಣೆ ಕೊಟ್ಟಿದ್ದರು. ಸ್ಟೀಲ್ ಡಬ್ಬಿಯಲ್ಲಿ ಜೋಳ ತುಂಬಿ, ಅದರೊಳಗೆ ಮೊಟ್ಟೆ ಹುಗಿದು, ಮೇಲೆ ಬಿಳಿ ಪಂಚೆ ಸುತ್ತಿಕೊಂಡು ಬಸ್ಸು ಹತ್ತಿದೆ. ಸೀಟು ಖಾಲಿ ಇದ್ದವು. ಆದರೆ ಕೂತರೆ ರಸ್ತೆಯ ಕುಲುಕೆಲ್ಲ ಸೀಟಿನಿಂದ ನೇರ ಡಬ್ಬಿಗೆ ಏರುತ್ತದೆ. ನಿಂತು ಮೊಣಕಾಲು ಸ್ವಲ್ಪ ಬಗ್ಗಿಸಿದರೆ ಅರ್ಧ ಕುಲುಕನ್ನು ಮೊಣಕಾಲೇ ನುಂಗುತ್ತದೆ. ಹಾಗಾಗಿ ಡಬ್ಬಿಯನ್ನು ಎದೆಗೆ ಅವಚಿಕೊಂಡು, ಕಂಬಕ್ಕೆ ಬೆನ್ನು ಕೊಟ್ಟು, ಪ್ರತಿ ಗುಂಡಿಗೂ ಕಣ್ಣು ಮುಚ್ಚಿ ತುಟಿ ಕಚ್ಚುತ್ತ ನಿಂತೇ ಬಂದೆ. ಕಂಡಕ್ಟರ್ ಎರಡು ಸಲ "ಕಾಕಾ, ಬಸಾ ಕೀ" ಎಂದು ಕೂರಲು ಹೇಳಿ ಸುಮ್ಮನಾದ. ಎದುರು ಸೀಟಿನಲ್ಲಿದ್ದ ಗಾಂಧಿ ಟೋಪಿಯ ಅಜ್ಜ ಬಹಳ ಹೊತ್ತು ನನ್ನ ಮುಖವನ್ನೂ ಬಿಳಿ ಬಟ್ಟೆಯ ಡಬ್ಬಿಯನ್ನೂ ನೋಡಿದರು. ಕೊನೆಗೆ ಎದ್ದು ನಿಂತು, ಡಬ್ಬಿಗೆ ಕೈ ಮುಗಿದು, ಮೆಲ್ಲಗೆ "ಕೋಣ್ ಗೇಲಂ?" ಎಂದರು. ಯಾರು ತೀರಿಕೊಂಡದ್ದು ಎಂದು! ಚಿತಾಭಸ್ಮ ಒಯ್ಯುತ್ತಿದ್ದೇನೆಂದು ಪಾಪ ಅವರು ತಿಳಿದಿದ್ದರು. ಇನ್ನೂ ಹುಟ್ಟದವರನ್ನು ಒಯ್ಯುತ್ತಿದ್ದೇನೆಂದು ಬಿಡಿಸಿ ಹೇಳುವಷ್ಟು ಮರಾಠಿ ಆ ಗಳಿಗೆಯಲ್ಲಿ ನನಗೆ ಒದಗಲಿಲ್ಲ. ತಲೆ ತಗ್ಗಿಸಿದೆ. ಇಳಿಯುವಾಗ ಅವರು ಎಲ್ಲರನ್ನೂ ಸರಿಸಿ ನನಗೆ ದಾರಿ ಬಿಡಿಸಿಕೊಟ್ಟರು. ಆ ಗೌರವಕ್ಕೆ ಗಲಿಬಿಲಿಯಾಗಿಯೇ ಮೆಟ್ಟಿಲ ಮೇಲೆ ಕಾಲು ತಪ್ಪಿತು.

ಒಂದು ಮೊಟ್ಟೆ ಒಡೆದಿತ್ತು. ಉಳಿದದ್ದು ಎಂಟು, ಸರಿ ಸಂಖ್ಯೆ. ಅತ್ತೆಗೆ ಫೋನು ಹಚ್ಚಿದರೆ "ಎಂಟಕ್ಕ ಇಡಬ್ಯಾಡ್ರಿ ಅಳಿಯಾರ, ಒಂದರ ಕೂಡಸ್ರಿ, ಇಲ್ಲ ಒಂದರ ತಗೀರಿ" ಎಂದರು. ಕೈಯಾರೆ ಕಾಪಾಡಿ ತಂದದ್ದರಲ್ಲಿ ಒಂದನ್ನು ತೆಗೆಯಲು ಮನಸ್ಸು ಒಪ್ಪಲಿಲ್ಲ. ಫ್ರಿಜ್ಜಿನಿಂದ, ಬಣ್ಣದಲ್ಲಿ ಬೇರೆಯೆಂದು ಗುರುತೇ ಸಿಗದ ಒಂದು ಅಂಗಡಿ ಮೊಟ್ಟೆ ತಂದು ಸೇರಿಸಿದೆ. "ಇದು ಲೆಕ್ಕಕ್ಕುಂಟು, ಆಟಕ್ಕಿಲ್ಲ" ಎಂದಳು ರೇಣುಕಾ. ಇರಲಿ, ಲೆಕ್ಕ ಸರಿಯಾಯಿತಲ್ಲ. ಸಂಜೆ ಅವಳೇ ಒಂದು ಕೈಯಿಂದ ಕೋಳಿಯ ಎದೆ ಎತ್ತಿ, ಇನ್ನೊಂದರಿಂದ ಉಳ್ಳಾಗಡ್ಡಿ ತೆಗೆದು, ಮೊಟ್ಟೆ ಸರಿಸಿದಳು. ಕೋಳಿ ಒಂದೊಂದನ್ನೂ ಕೊಕ್ಕಿನಿಂದ ಒಳಗೆಳೆದುಕೊಂಡು, ಮೈ ಅಲುಗಿಸಿ, ಮತ್ತೆ ಕೂತಿತು. ಆ ಉಳ್ಳಾಗಡ್ಡಿಗಳನ್ನು ನಾಳೆಯ ಸಾರಿಗೆ ಹಾಕಬಾರದೆಂದು ನಾನು ಕೇಳಿಕೊಂಡೆ. ರೇಣುಕಾ ಹಾಕಿದಳು.

ಇನ್ನು ಮೂರು ವಾರ ಕಾಯಬೇಕು, ಅಷ್ಟೇ. ಆದರೆ ಕಾಯುವುದೆಂದರೆ ಸುಮ್ಮನಿರುವುದು ಎಂದು ನನಗೆ ಯಾರೂ ಕಲಿಸಿಲ್ಲ. ಬೆಳಿಗ್ಗೆ ಕಾರ್ಖಾನೆಗೆ ಹೊರಡುವ ಮುಂಚೆ ಒಮ್ಮೆ, ಬಂದ ಮೇಲೆ ಒಮ್ಮೆ, ಕೋಳಿಯ ಹೊಟ್ಟೆಯ ಕೆಳಗೆ ಕೈ ಹಾಕಿ ಬಿಸಿ ಇದೆಯೇ ಎಂದು ನೋಡುತ್ತಿದ್ದೆ. ನನ್ನ ಮುಂಗೈಯೆಲ್ಲ ಕುಕ್ಕಿಸಿಕೊಂಡ ಗುರುತು. ಮಧ್ಯಾಹ್ನ ಫೋನು ಮಾಡಿ "ಕೂತದ ಏನು?" ಎಂದು ಕೇಳುತ್ತಿದ್ದೆ. "ಆಕಿ ಕೂತಾಳ. ನನಗೂ ಒಂದ್ ಗಳಿಗಿ ಕೂಡಾಕ ಬಿಡ್ರಿ" ಎನ್ನುತ್ತಿದ್ದಳು ರೇಣುಕಾ. ವಾರ ಕಳೆದ ಮೇಲೆ ಮೊಬೈಲಿನ ಟಾರ್ಚಿಗೆ ಹಿಡಿದರೆ ಮೊಟ್ಟೆಯೊಳಗೆ ಜೀವ ಇದೆಯೋ ಇಲ್ಲವೋ ತಿಳಿಯುತ್ತದೆಂದು ಒಂದು ವಿಡಿಯೋದಲ್ಲಿ ನೋಡಿದೆ. ಇದು ನನ್ನ ವೃತ್ತಿಗೇ ಸೇರಿದ ವಿದ್ಯೆ! ಕೋಳಿ ಕಾಳು ತಿನ್ನಲು ಎದ್ದಾಗ ಒಂಬತ್ತನ್ನೂ ಒಂದೊಂದಾಗಿ ಬೆಳಕಿಗೆ ಹಿಡಿದು, ಎಂಟಕ್ಕೆ ಪೆನ್ಸಿಲಿನಿಂದ ಸರಿ ಗುರುತು ಹಾಕಿದೆ. ಒಂದು ಮಾತ್ರ ಮಂಕಾಗಿ, ಮಬ್ಬಾಗಿ, ನಂಬಿಕೆ ಬಾರದಂತೆ ಕಂಡಿತು. ಅದೇ ಅಂಗಡಿಯದಿರಬೇಕೆಂದು ಅದಕ್ಕೆ ಅಡ್ಡ ಗೆರೆ ಎಳೆದು ಬದಿಗಿಟ್ಟೆ. ನಾನು ಅತ್ತ ತಿರುಗುವುದೇ ತಡ, ರೇಣುಕಾ ಅದನ್ನು ಮತ್ತೆ ಕೋಳಿಯ ಕೆಳಗೆ ಸರಿಸಿದಳು. "ಒಂಬತ್ತು ಇರಲಿ ಅಂತ ಅವ್ವ ಹೇಳ್ಯಾಳ. ನಿಮ್ಮ ಕಂಪನಿ ಕಾನೂನು ನಮ್ಮ ಕೋಳಿಗೆ ಹಚ್ಚಬ್ಯಾಡ್ರಿ."

ಇಷ್ಟರಲ್ಲಿ ಢೋಲು ಶುರುವಾಯಿತು.

ನಮ್ಮ ಹಿತ್ತಲಿನ ಗೋಡೆಗೆ ಹೊಂದಿ ಒಂದು ಖಾಲಿ ಮೈದಾನವಿದೆ. ಗಣಪತಿಗೆ ಇನ್ನೂ ಎಷ್ಟೋ ವಾರ ಇರುವಾಗಲೇ ಮೆರವಣಿಗೆಗೆ ಬಾರಿಸುವ ಢೋಲ್-ತಾಶಾ ಪಥಕದವರು ದಿನಾ ಸಂಜೆ ಅಲ್ಲಿ ಅಭ್ಯಾಸಕ್ಕೆ ಸೇರುತ್ತಾರೆ. ನಲವತ್ತು ಢೋಲು ಒಟ್ಟಿಗೆ ಬಿದ್ದರೆ ನಮ್ಮ ಅಡುಗೆಮನೆಯ ಲೋಟಗಳು ತಾವಾಗಿಯೇ ಜಾಗ ಬದಲಿಸುತ್ತವೆ. ಪ್ರತಿ ವರ್ಷ ನನಗೆ ಅದು ಹೆಮ್ಮೆಯ ಸದ್ದು, ಯಾಕೆಂದರೆ ಆ ನಲವತ್ತರಲ್ಲಿ ಒಂದು ಸ್ನೇಹಾಳದು. ಕಾಲೇಜಿಗೆ ಪುಸ್ತಕದ ಚೀಲ ಭಾರವೆನ್ನುವ ಹುಡುಗಿ ತನ್ನಷ್ಟೇ ದಪ್ಪದ ಢೋಲನ್ನು ಸೊಂಟಕ್ಕೆ ಬಿಗಿದು ಎರಡು ತಾಸು ಕುಣಿಯುತ್ತಾಳೆ. ಆದರೆ ಈ ಸಲ ಮೊದಲ ಪೆಟ್ಟು ಬಿದ್ದಾಗ ನಾನು ಕೂಲರಿನ ಕಡೆಗೆ ಓಡಿದೆ. ಗುಡುಗಿಗೆ ಕಾವಿನ ಮೊಟ್ಟೆ ಕೆಡುತ್ತವೆ, ಬದಿಗೆ ಒಂದು ಕಬ್ಬಿಣದ ತುಂಡು ಇಡಬೇಕು ಎಂದು ಅತ್ತೆ ಮೊದಲೇ ಹೇಳಿದ್ದರು. ನಾನು ಒಂದು ಮೊಳೆ ಇಟ್ಟಿದ್ದೆ. ಇಂಥ ಮಾತನ್ನು ನಾನು ನಂಬುವವನಲ್ಲ. ನಂಬದಿದ್ದರೂ ಇಟ್ಟರೆ ನಷ್ಟವೇನು ಎಂದು ಇಟ್ಟಿದ್ದೆ, ಅಷ್ಟೇ. ಆದರೆ ಇದು ಗುಡುಗಲ್ಲವಲ್ಲ. ಗುಡುಗು ಒಂದು ಸಲ ಗುಡುಗಿ ಹೋಗುತ್ತದೆ. ಮತ್ತೆ ಅತ್ತೆಗೆ ಫೋನು ಮಾಡಿದೆ.

"ಢೋಲು ಅಂದ್ರ ನಮ್ಮ ಡೊಳ್ಳಿನಂಗ ಏನ್ರಿ?" ಅತ್ತೆ ಕೇಳಿದರು.

"ಹಂಗ ಅದ ಅತ್ತೀ."

"ಎಷ್ಟು ಡೊಳ್ಳು?"

"ನಲವತ್ತು."

ಆ ಕಡೆ ಅತ್ತೆ ಯಾರಿಗೋ 'ನಲವತ್ತಂತ' ಎಂದದ್ದು ಕೇಳಿಸಿತು. ಆಮೇಲೆ ಗಂಭೀರವಾಗಿ, "ಹಂಗಿದ್ರ ಕಬ್ಬಿಣ ಜಾಸ್ತಿ ಇಡ್ರಿ" ಎಂದರು.

ಮೊಳೆಯ ಜೊತೆಗೆ ಅಡಕೊತ್ತು ಇಟ್ಟೆ. ಆಮೇಲೆ ಸ್ಕೂಟರಿನ ಪಾನಾ, ಸುತ್ತಿಗೆ, ಸ್ನೇಹಾ ಎರಡು ದಿನ ವ್ಯಾಯಾಮ ಮಾಡಿ ಬಿಟ್ಟ ಡಂಬೆಲ್ಲು. ಮರುದಿನ ರೊಟ್ಟಿಯ ಹಿಟ್ಟು ನಾದಿ ಹಂಚು ಹುಡುಕಿದ ರೇಣುಕಾಳಿಗೆ ಅದು ಕೂಲರಿನ ಬಾಗಿಲಲ್ಲಿ ಸಿಕ್ಕಿತು. ಅವಳು ಹಂಚು ಎತ್ತಿಕೊಂಡು ಏನೂ ಮಾತಾಡದೆ ಒಳಗೆ ಹೋದಳು. ಅವಳು ಬೈದರೆ ನನಗೆ ಅಷ್ಟು ಭಯವಿಲ್ಲ. ಇನ್ನೊಂದು ಸಂಕಟವೂ ಶುರುವಾಗಿತ್ತು. ಢೋಲು ಬಿದ್ದ ಕೂಡಲೇ ಕೋಳಿ ಎದ್ದು ಹೊರಗೆ ಬರುತ್ತಿತ್ತು. ಹೆದರಿ ಓಡಿತು, ಇನ್ನು ಮೊಟ್ಟೆ ತಣ್ಣಗಾದವು ಎಂದು ನಾನು ಒದ್ದಾಡುತ್ತಿದ್ದೆ. "ಅಪ್ಪಾ, ಟೆನ್ಶನ್ ನಕೋ. ಆಕಿ ದಿನಾ ಅದೇ ಹೊತ್ತಿಗೆ ಕಾಳು ತಿನ್ಲಿಕ್ಕೆ ಏಳ್ತಾಳ" ಎಂದು ಸ್ನೇಹಾ ಹೇಳಿದಳು. ಢೋಲು ಬಾರಿಸುವವಳು ಇನ್ನೇನು ಹೇಳಿಯಾಳು? ನಾನು ನಂಬಲಿಲ್ಲ.

ಸ್ನೇಹಾ ಪರೀಕ್ಷೆಯೆಂದು ಮನೆಯಲ್ಲೇ ಉಳಿದ ಒಂದು ಸಂಜೆ ನಾನು ಮೈದಾನಕ್ಕೆ ಹೋದೆ. ಪಥಕದ ಮುಖಂಡ, ಎಲ್ಲರೂ ದಾದಾ ಎನ್ನುವ ಗಡ್ಡದ ಯುವಕ, ತಾಶಾ ಬದಿಗಿಟ್ಟು ವಿನಯದಿಂದ ಬಂದ. ನಿಮ್ಮ ನಲವತ್ತು ಢೋಲುಗಳನ್ನು ಒಂದು ಕೋಳಿಯ ಸಲುವಾಗಿ ದೂರ ಒಯ್ಯಿರಿ ಎಂದು ಹೇಳಲು ಬಾಯಿ ತೆರೆದೆ. ಆದರೆ ಗಣಪತಿಯ ಮುಂದೆ ಕೋಳಿ ಯಾವ ಗಿಡದ ತೊಪ್ಪಲು? ಆಗ ರೇಣುಕಾಳ ಮಾತೇ ಬಾಯಿಗೆ ಬಂದುಬಿಟ್ಟಿತು. "ಘರೀ ಬಾಳಂತೀಣ್ ಆಹೇ" ಎಂದೆ. ಮನೆಯಲ್ಲಿ ಬಾಣಂತಿ ಇದ್ದಾಳೆ. ದಾದಾನ ಮುಖ ತಟ್ಟನೆ ಮೆತ್ತಗಾಯಿತು. "ಅರೇ ವಾ, ಅಭಿನಂದನ್ ಕಾಕಾ! ಮುಲಗಾ ಕೀ ಮುಲಗೀ?" ಗಂಡೋ ಹೆಣ್ಣೋ ಎಂದು ಕೇಳಿದರೆ ನಾನು ಏನು ಹೇಳಲಿ? "ಇನ್ನೂ ಗೊತ್ತಾಗಿಲ್ಲ" ಎಂದುಬಿಟ್ಟೆ. ದಾದಾ ನನ್ನನ್ನು ಒಂದು ಥರ ನೋಡಿದ. ಆದರೂ ಒಳ್ಳೆಯವನು. ಯಾವ ಮನೆಯೆಂದು ಕೇಳಿದ, ಹಸಿರು ಗೇಟಿನದು ಎಂದೆ. ಅವನು ಸೀಟಿ ಊದಿ ಇಡೀ ಪಥಕವನ್ನು ಮೈದಾನದ ಆಚೆ ತುದಿಗೆ ಸಾಗಿಸಿದ. ನಾನು ಗೆದ್ದೆನೆಂದುಕೊಂಡು ಮನೆಗೆ ಬಂದೆ.

ಮರುದಿನವೇ ಬಾಗಿಲು ಬಡಿದ ಸದ್ದಾಯಿತು. ದಾದಾ ಮತ್ತು ಪಥಕದ ಇಬ್ಬರು ಹುಡುಗಿಯರು ನಿಂತಿದ್ದರು. ಒಬ್ಬಳ ಕೈಯಲ್ಲಿ ಡಬ್ಬಿ. ಬಾಣಂತಿಗೆಂದು ಅವಳ ತಾಯಿ ಮಾಡಿ ಕಳಿಸಿದ ಅಂಟಿನುಂಡಿ. ಬಾಗಿಲು ತೆರೆದವಳು ಸ್ನೇಹಾ. ಪರೀಕ್ಷೆಯ ನೆಪದಲ್ಲಿ ಪಥಕಕ್ಕೆ ಬಾರದೆ ಉಳಿದ ಸ್ನೇಹಾ! ಮೂವರೂ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಅವಳ ಹಿಂದೆ ಸೆರಗಿಗೆ ಕೈ ಒರೆಸುತ್ತ ಬಂದ ರೇಣುಕಾಳನ್ನು ನೋಡಿದರು. ಆಮೇಲೆ ಗೋಡೆಯ ಮರೆಗೆ ಸರಿಯುತ್ತಿದ್ದ ನನ್ನನ್ನು ನೋಡಿದರು. ಉಂಡಿಯ ಡಬ್ಬಿ ಯಾರ ಕೈಗೆ ಕೊಡಬೇಕೆಂದು ತಿಳಿಯದೆ ಆ ಹುಡುಗಿ ಅದನ್ನು ಎರಡು ಸಲ ಮುಂದೆ ಚಾಚಿ ಎರಡು ಸಲ ಹಿಂದೆಳೆದುಕೊಂಡಳು. ಭೂಮಿ ಬಾಯಿಬಿಟ್ಟರೆ ಒಳಗೆ ಹೋಗುತ್ತಿದ್ದೆ. ರೇಣುಕಾ ನನ್ನ ಮುಖ ನೋಡಿ ಅರೆಗಳಿಗೆಯಲ್ಲಿ ಎಲ್ಲವನ್ನೂ ತಿಳಿದುಕೊಂಡಳು. "ಯಾ, ದಾಖವತೇ" ಎಂದು, ತೋರಿಸುತ್ತೇನೆ ಬನ್ನಿ ಎಂದು, ಮೂವರನ್ನೂ ಹಿತ್ತಲಿಗೆ ಕರೆದೊಯ್ದಳು. ಅಲ್ಲಿ ಎದ್ದ ನಗುವಿಗೆ ನಲವತ್ತು ಢೋಲೂ ಸಾಟಿಯಿಲ್ಲ. ಸ್ನೇಹಾ ಎರಡು ದಿನ ನನ್ನೊಡನೆ ಮಾತು ಬಿಟ್ಟಳು. ಅಂಟಿನುಂಡಿ ಬಲು ರುಚಿಯಾಗಿದ್ದವು. ಪಥಕದವರು ಮಾತ್ರ, ಅದು ಕೋಳಿಯೆಂದು ತಿಳಿದ ಮೇಲೂ ಈಚೆ ತುದಿಗೆ ಬರಲಿಲ್ಲ. ಪ್ರತಿ ಸಂಜೆ ಗೋಡೆಯ ಮೇಲಿಂದ ಯಾರಾದರೊಬ್ಬರು "ಕಾಕಾ, ಬಾಳಂತೀಣ್ ಕಶೀ ಆಹೇ?" ಎಂದು ಕ್ಷೇಮ ವಿಚಾರಿಸಿ ಹೋಗುತ್ತಿದ್ದರು.

ಮೂರು ವಾರ ತುಂಬಿದ ದಿನ ರಜೆ ಹಾಕಿ ಕೂಲರಿನ ಮುಂದೆ ಸ್ಟೂಲು ಹಾಕಿಕೊಂಡು ಕೂತೆ. ಏನೂ ಆಗಲಿಲ್ಲ. ಮರುದಿನ ಬೆಳಿಗ್ಗೆಯೂ ಏನೂ ಇಲ್ಲ. ಗೋಡೆಯ ಮೇಲೆ ತಲೆ ಕಂಡ ಕೂಡಲೇ ಒಳಗೆ ಹೋಗಿ ಕೂತೆ. ಅಲ್ಲಿಯವರೆಗೆ ನಗುತ್ತಿದ್ದ ರೇಣುಕಾಳೂ "ನೋಡೂಣು" ಎಂದಷ್ಟೇ ಹೇಳಿದಳು. ನಾನೇ ಕೆಡಿಸಿದೆನೇ? ದಿನಾ ಕೈ ಹಾಕಿದ್ದು ಹೆಚ್ಚಾಯಿತೇ? ಟಾರ್ಚಿನ ಬೆಳಕು ತಾಗಿತೇ? ಬಸ್ಸಿನಲ್ಲಿ ಆ ಅಜ್ಜ ಕೈ ಮುಗಿದದ್ದು ಅಪಶಕುನವಾಯಿತೇ? ಕೋಳಿ ಬಡಕಲಾಗಿತ್ತು. ಅದರ ಜುಟ್ಟು ಬಿಳಿಚಿಹೋಗಿತ್ತು. ಆದರೂ ಅಲುಗದೆ ಕೂತಿತ್ತು. ಅದಕ್ಕೆ ಪರಸುವಿನ ಭಾನುವಾರದ ಸುದ್ದಿ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ನನಗೆ ನಿಜವಾಗಿಯೂ ಅಳು ಬಂತು.

ಆ ಸಂಜೆ ಮೈದಾನದ ಆಚೆ ತುದಿಯಲ್ಲಿ ಢೋಲು ಶುರುವಾದಾಗ ಕೋಳಿ ಕಾಳಿಗೆ ಏಳಲಿಲ್ಲ. ನಾನು ಗಾಬರಿಯಾಗಿ ಕೂಲರಿನೊಳಗೆ ತಲೆ ತೂರಿಸಿದೆ. ಅದರ ಹೊಟ್ಟೆಯ ಕೆಳಗಿನಿಂದ, ದೂರದ ಢೋಲಿನ ನಡುವೆಯೇ, ಸೂಜಿಯಂಥ ಒಂದು ದನಿ ಕೇಳಿತು. ಚೀಂವ್. ಕೋಳಿ ಕತ್ತು ಬಗ್ಗಿಸಿ ಅದಕ್ಕೆ ಮೆಲ್ಲಗೆ ಏನೋ ಹೇಳಿತು. ಮತ್ತೆ ಚೀಂವ್. ನಾನು "ರೇಣುಕಾ!" ಎಂದು ಕೂಗಿದ ರಭಸಕ್ಕೆ ತಲೆ ಕೂಲರಿನ ತಗಡಿಗೆ ಬಡಿದು ಬುಗುಟು ಬಂತು. ಗೋಡೆಯ ಮೇಲೆ ಹತ್ತು ತಲೆ ಮೂಡಿದವು. ಮರುದಿನ ಮಧ್ಯಾಹ್ನದ ಹೊತ್ತಿಗೆ ಆರು ಮರಿಗಳು ಹುಲ್ಲಿನ ಮೇಲೆ ಓಡಾಡುತ್ತಿದ್ದವು.

ಮೂರು ಮೊಟ್ಟೆ ಒಡೆಯಲಿಲ್ಲ. ರೇಣುಕಾ ಅವನ್ನು ಎತ್ತಿ ನೋಡಿದಳು. ಮೂರರ ಮೇಲೂ ನನ್ನ ಕೈಯ ಸರಿ ಗುರುತು ಇತ್ತು. ಖಾಲಿ ಚಿಪ್ಪುಗಳನ್ನು ಆರಿಸಿದಳು. ಒಂದರ ಮೇಲೆ ಅಡ್ಡ ಗೆರೆ, ಎಲ್ಲಕ್ಕಿಂತ ಕೊನೆಗೆ ಹೊರಬಂದ ಕರಿಮರಿಯದು. ನಾನು ಬೇಡವೆಂದು ಬದಿಗಿಟ್ಟ ಮೊಟ್ಟೆ ಮರಿಯಾಗಿತ್ತು, ನಾನು ಪಾಸು ಮಾಡಿದ ಅಂಗಡಿ ಮೊಟ್ಟೆ ಇನ್ನೂ ಮೊಟ್ಟೆಯಾಗಿಯೇ ಇತ್ತು. ಅವಳು ಆ ಚಿಪ್ಪನ್ನು ನನ್ನ ಅಂಗೈಯಲ್ಲಿಟ್ಟು ಹೇಳಿದಳು, "ಇನ್ ಮ್ಯಾಲೆ ನಾ ಎಲ್ಲಿ ಹೋದ್ರೂ ಬಸ್ಸಿಗೇ ಹೋಗ್ತೀನ್ರಿ. ನೀವು ಪಾಸ್ ಮಾಡಿದ ಬ್ರೇಕಿನ ಕಾರು ನನಗ ಬ್ಯಾಡ."

ಮರಿಗಳಾದ ಮೇಲೆ ನನ್ನ ಚಿಂತೆ ಆರು ಪಾಲಾಯಿತು. ಕಾಗೆಗೆ ಒಂದು ಕಣ್ಣು, ಬೆಕ್ಕಿಗೆ ಒಂದು ಕಣ್ಣು ಇಟ್ಟು, ಬಿಡುವಿದ್ದಾಗಲೆಲ್ಲ ಕೊಡೆ ಹಿಡಿದು ಹಿತ್ತಲಿನಲ್ಲಿ ಕಾವಲು ನಿಲ್ಲುತ್ತಿದ್ದೆ. ಆದರೆ ಆ ತಾಯಿಯ ಲೆಕ್ಕದಲ್ಲಿ ಕಾಗೆ, ಬೆಕ್ಕು ಎಲ್ಲ ಆಮೇಲೆ, ಮೊದಲನೆಯ ಶತ್ರು ನಾನು. ರೇಣುಕಾ ನುಚ್ಚು ಹಾಕಲು ಹೋದರೆ ಕಾಲ ಸುತ್ತ ಅಡ್ಡಾಡುವಳು, ಸ್ನೇಹಾ ಮರಿ ಎತ್ತಿಕೊಂಡರೂ ಸುಮ್ಮನಿರುವಳು, ನನ್ನ ಚಪ್ಪಲಿಯ ಸದ್ದು ಕೇಳಿದರೆ ಮಾತ್ರ ರೆಕ್ಕೆ ಕೆದರಿ ಹಾರಿ ಬರುವಳು. ಮೂರು ವಾರ ದಿನಾ ಹೊಟ್ಟೆಯ ಕೆಳಗೆ ಕೈ ಹಾಕಿದವನನ್ನು ಅವಳು ಮರೆಯಲಿಲ್ಲ. ಅವಳನ್ನು ಉಳಿಸಲೆಂದೇ ನಾನು ಇಷ್ಟೆಲ್ಲ ಮಾಡಿದ್ದು ಎಂದು ಹೇಗೆ ತಿಳಿಸಲಿ? ಆ ಮನೆಯಲ್ಲಿ ನಾನೂ ಲೆಕ್ಕಕ್ಕುಂಟು, ಆಟಕ್ಕಿಲ್ಲ.

ಗಣಪತಿ ಬಂದ, ಸ್ನೇಹಾಳ ಢೋಲಿನ ಮುಂದೆ ಮೆರೆದ, ನೀರಿಗೆ ಹೋದ. ಭಾನುವಾರ ಮಾತಿಗೆ ತಪ್ಪದೆ ಪರಸು ಬಂದ. ನಾನು ಬಾಗಿಲಲ್ಲೇ ಅವನ ಕೈ ಹಿಡಿದು ಹಿತ್ತಲಿಗೆ ಎಳೆದೊಯ್ದೆ. ಕೋಳಿ ಕಾಲಿನಿಂದ ಮಣ್ಣು ಕೆದರಿ ಮರಿಗಳನ್ನು ಕರೆಯುತ್ತಿತ್ತು. ಪರಸು ಸೊಂಟಕ್ಕೆ ಕೈಯಿಟ್ಟು ನೋಡಿದ. "ಸೋತೆ ನೋಡ್ರಿ ಮಾಮಾ. ಆಕಿ ತಂಟೆಕ್ಕ ಇನ್ ನಾ ಬರಂಗಿಲ್ಲ." ನನ್ನ ಎದೆಯ ಮೇಲಿನ ಬಂಡೆ ಇಳಿಯಿತು. ಅಷ್ಟರಲ್ಲಿ ಅವನು ಬಗ್ಗಿ ಮರಿಗಳ ಜುಟ್ಟು, ಕಾಲು ನೋಡತೊಡಗಿದ. ಆ ಅಡ್ಡ ಗೆರೆಯ ಕರಿಮರಿಯನ್ನು ಎತ್ತಿ ತೂಗಿದಂತೆ ಮಾಡಿದ. "ಇದರಾಗ ನಾಕರ ಹುಂಜ ಇರಬೇಕು. ಮುಂದಿನ ವರ್ಷ ಗಟಾರಿಗೆ ನಾ ಶಿರೂರಿಂದ ಹೊತಗೊಂಡು ಬರೂದು ತಪ್ಪಿತು. ಭಾಳ ಚಲೋ ಕೆಲಸ ಮಾಡೀರಿ ಮಾಮಾ." ರೇಣುಕಾ ಅದಕ್ಕೂ ಹೂಂ ಎಂದಳು. ಹುಂಜಕ್ಕೆ ಬಾಣಂತನದ ರಿಯಾಯತಿ ಎಲ್ಲಿಂದ ಬರಬೇಕು? ಒಂದು ಜೀವ ಉಳಿಸಲು ಹೋದವನು ನಾಲ್ಕನ್ನು ಸಾಲಿಗೆ ನಿಲ್ಲಿಸಿದ್ದೆ.

ಮಧ್ಯಾಹ್ನ ಊಟಕ್ಕೆ ಕೂತೆವು. ಇಲ್ಲಿ ಕೋಳಿ ಸಿಗಲಿಕ್ಕಿಲ್ಲವೆಂದು ಮುಂಚೆಯೇ ಊಹಿಸಿದ ಪರಸು ಮನೆಯಿಂದಲೇ ಮಾಡಿಸಿ ದೊಡ್ಡ ಡಬ್ಬಿ ತುಂಬ ರಸ್ಸಾ ತಂದಿದ್ದ. ಮುಚ್ಚಳ ತೆಗೆದರೆ ಕೇರಿಗೆಲ್ಲ ಹರಡುವ ಘಮ. ಶ್ರಾವಣ, ಗಣಪತಿ ಎಂದು ಇಷ್ಟು ದಿನ ಬೇಳೆ ಸಾರು ಉಂಡ ನಾಲಿಗೆ. ನಾನು ತಟ್ಟೆ ಮುಂದಿಟ್ಟುಕೊಂಡು ತುತ್ತು ಮುರಿದವನು, ಅನುಮಾನ ತಡೆಯಲಾರದೆ ಕೇಳಿದೆ, "ಪರಸು, ಇದೂ ಕಾವಿಗೆ ಕೂತಿತ್ತೇನೋ?"

"ಅದನ್ಯಾರು ಕೇಳ್ಯಾರ್ರಿ ಮಾಮಾ? ಉಣ್ರಿ ಸುಮ್ಕ."

ಕಿಟಕಿಯ ಆಚೆ ಅವಳು ಕೊಕ್ ಕೊಕ್ ಎಂದು ಮರಿಗಳನ್ನು ಕಾಳಿಗೆ ಕರೆಯುತ್ತಿದ್ದಳು. ನಾನು ಎದ್ದು, ಕುರ್ಚಿಯನ್ನು ಕಿಟಕಿಗೆ ಬೆನ್ನಾಗುವಂತೆ ತಿರುಗಿಸಿಕೊಂಡು ಕೂತು, ರೇಣುಕಾಳಿಗೆ ಇನ್ನೊಂದು ಸೌಟು ಹಾಕಲು ಹೇಳಿದೆ. ಉಪ್ಪು ಸರಿಯಾಗಿತ್ತು.